ಕೋಡ್ ಬರೆಯುವವರು ಊರಿನಲ್ಲೇ ಇದ್ದಾರೆ, ಕೆಲಸ ವಿವರಿಸುವವರು ಬೇಕು

ಶಿರಸಿಯ ಅಡಿಕೆ ವಖಾರಿಗಳಿಗೆ (ಬೆಳೆಗಾರರ ಮಾಲನ್ನು ಟೆಂಡರ್ ಮೂಲಕ ಮಾರಿಕೊಡುವ ಮಳಿಗೆಗಳಿಗೆ) ಲಾಟು, ತೂಕ, ದರ, ಮುಂಗಡ ಎಲ್ಲದರ ಲೆಕ್ಕವೂ ಒಂದೇ ಪರದೆಯ ಮೇಲೆ ಬೇಕಾಗಿದೆ. ಗೋಕರ್ಣದ ಹೋಮ್‌ಸ್ಟೇಗಳಿಗೆ ಒಂದೇ ಕೋಣೆ ಒಂದೇ ರಾತ್ರಿಗೆ ಇಬ್ಬರಿಗೆ ಹೋಗದಂತೆ ನೋಡಿಕೊಳ್ಳುವ ಬುಕಿಂಗ್ ವ್ಯವಸ್ಥೆ ಬೇಕು. ಕಾರವಾರದ ಬೈತಖೋಲ್ ಬಂದರಿನ ಬೋಟ್ ಮಾಲೀಕರಿಗೆ ಡೀಸೆಲ್, ಮಂಜುಗಡ್ಡೆ, ಖಲಾಸಿಗಳ ಪಾಲಿನ ಲೆಕ್ಕ ಮೊಬೈಲಿನಲ್ಲೇ ಸಿಕ್ಕರೆ ಅನುಕೂಲ. ಇವರಲ್ಲಿ ಯಾರಿಗೂ ತಿಂಗಳ ಸಂಬಳ ಕೊಟ್ಟು ಎಂಜಿನಿಯರನ್ನು ಇಟ್ಟುಕೊಳ್ಳುವಷ್ಟು ಕೆಲಸವಿಲ್ಲ. ದೊಡ್ಡ ಕಂಪನಿಗೆ ಗುತ್ತಿಗೆ ಕೊಡುವಷ್ಟು ಹಣವೂ ಇಲ್ಲ. ಉಳಿಯುವ ದಾರಿ ಫ್ರೀಲಾನ್ಸ್ ಡೆವಲಪರ್, ಅಂದರೆ ಯಾರ ನೌಕರಿಯಲ್ಲೂ ಇಲ್ಲದೆ ಕೆಲಸಕ್ಕೆ ಇಷ್ಟು ಎಂದು ಒಪ್ಪಿಕೊಂಡು ಮಾಡಿಕೊಡುವವರು.

ಈ ದಾರಿ ಹಿಡಿದವರ ದೂರುಗಳು ಉತ್ತರ ಕನ್ನಡ ಜಿಲ್ಲೆಯಲ್ಲಿ ಎಲ್ಲಿ ಹೋದರೂ ಒಂದೇ ಬಗೆಯವು. ಮುಂಗಡ ಪಡೆದವರು ಫೋನ್ ಎತ್ತುವುದಿಲ್ಲ. ಮೂರು ತಿಂಗಳೆಂದದ್ದು ವರ್ಷವಾದರೂ ಮುಗಿದಿಲ್ಲ. ಮುಗಿದದ್ದು ನಮಗೆ ಬೇಕಾದ ಹಾಗಿಲ್ಲ. ಇದನ್ನು ಕೇಳಿದವರು ಒಳ್ಳೆಯ ಡೆವಲಪರ್‌ಗಳೆಲ್ಲ ಬೆಂಗಳೂರಿನಲ್ಲಿದ್ದಾರೆ, ನಮ್ಮ ಕೈಗೆ ಸಿಗುವವರು ಉಳಿದವರು ಎಂದುಕೊಳ್ಳುತ್ತಾರೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕೆಟ್ಟುಹೋದ ಇಂತಹ ಒಪ್ಪಂದಗಳಲ್ಲಿ ಹೆಚ್ಚಿನವು ಆಳನ್ನು ಹುಡುಕುವ ಮೊದಲೇ ಕೆಟ್ಟಿರುತ್ತವೆ, ಏಕೆಂದರೆ ಏನು ಬೇಕೆಂಬುದನ್ನು ಕೆಲಸ ಕೊಡುವವರು ಕಾಗದದ ಮೇಲೆ ಇಳಿಸಿಯೇ ಇರುವುದಿಲ್ಲ.

ಆಳಿನ ಕೊರತೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಕಾರವಾರದ ಮಾಜಾಳಿ, ಭಟ್ಕಳ, ಹಳಿಯಾಳಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಮರಳಿದ ಸಾಫ್ಟ್‌ವೇರ್ ನೌಕರರಲ್ಲಿ ಕೆಲವರು ಇಲ್ಲೇ ಉಳಿದರು. ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗಳಲ್ಲಿ ಕುಳಿತು ಪರದೇಶದ ಗಿರಾಕಿಗಳಿಗೆ ಕೆಲಸ ಮಾಡಿಕೊಡುವವರಿದ್ದಾರೆ. ಅವರಲ್ಲಿ ಅನೇಕರು ಊರಿನ ಕೆಲಸವನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ. ಹಣ ಕಡಿಮೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಊರಿನ ಕೆಲಸಕ್ಕೆ ಆದಿ ಅಂತ್ಯ ಎರಡೂ ಇರುವುದಿಲ್ಲ. ‘ಇದೊಂದು ಸಣ್ಣ ಬದಲಾವಣೆ ಮಾಡಿಕೊಡು ತಮ್ಮಾ’ ಎಂಬ ಮಾತು ನೆಂಟಸ್ತಿಕೆಯ ಸಲುಗೆಯಲ್ಲಿ ಹತ್ತಾರು ಸಲ ಬರುತ್ತದೆ, ಬಿಲ್ಲಿನಲ್ಲಿ ಒಮ್ಮೆಯೂ ಸೇರುವುದಿಲ್ಲ.

ಆಳನ್ನು ಹುಡುಕುವ ಮುನ್ನ ಇನ್ನೊಂದನ್ನು ವಿಚಾರಿಸಬೇಕು: ಹೊಸದಾಗಿ ಬರೆಯಿಸುವ ಅಗತ್ಯ ನಿಜವಾಗಿಯೂ ಇದೆಯೇ? ಜಿಎಸ್‌ಟಿ ಬಿಲ್ಲು, ದಾಸ್ತಾನು, ಜಮಾಖರ್ಚಿಗೆ ಸಿದ್ಧ ತಂತ್ರಾಂಶಗಳಿವೆ. ಹೋಮ್‌ಸ್ಟೇಯ ಕೋಣೆ ಎರಡೆರಡು ಬುಕ್ ಆಗುವುದನ್ನು ತಡೆಯಲು ಬುಕಿಂಗ್ ತಾಣಗಳ ಕ್ಯಾಲೆಂಡರುಗಳನ್ನು ಒಂದಕ್ಕೊಂದು ಜೋಡಿಸುವ ಸೌಲಭ್ಯ ಆ ತಾಣಗಳಲ್ಲೇ ಇರುತ್ತದೆ. ಅರ್ಧ ದಿನದ ಕೆಲಸ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ವಿಷಯದಲ್ಲಿ ಕೇಂದ್ರ ಸಂಪುಟವು 2022ರ ಜೂನ್‌ನಲ್ಲಿ 63,000 ಸಂಘಗಳ ಗಣಕೀಕರಣಕ್ಕೆ ₹2,516 ಕೋಟಿಯ ಯೋಜನೆಯನ್ನು ಒಪ್ಪಿತು. ಆ ಯೋಜನೆಯಲ್ಲಿ ಎಲ್ಲ ಸಂಘಗಳಿಗೂ ಸಿಗುವ ಸಮಾನ ತಂತ್ರಾಂಶದೊಳಗೆ ಬರುವ ಕೆಲಸವನ್ನು ಸಂಘವೊಂದು ಬೇರೆ ಹಣ ಹಾಕಿ ಮತ್ತೆ ಬರೆಯಿಸಿದರೆ ಸದಸ್ಯರ ದುಡ್ಡು ನೀರಿಗೆ ಹೋದಂತೆ. ಈ ಮಾತನ್ನು ಗಿರಾಕಿಗೆ ತಾನಾಗಿ ಹೇಳುವ ಡೆವಲಪರ್ ಸಿಕ್ಕರೆ ಅವರ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ತನ್ನ ಸಂಪಾದನೆಗೆ ವಿರುದ್ಧವಾದ ಸಲಹೆ ಕೊಡುವವರು ಮುಂದೆಯೂ ಮೋಸ ಮಾಡುವುದು ಅಪರೂಪ.

ಸಿದ್ಧ ಸರಕು ಸಾಲದ ಜಾಗಗಳೂ ಇವೆ. ಅಡಿಕೆ ವಖಾರಿಯನ್ನೇ ತೆಗೆದುಕೊಳ್ಳೋಣ. ‘ಅಡಿಕೆ ವ್ಯಾಪಾರಕ್ಕೆ ಒಂದು ಆ್ಯಪ್ ಬೇಕು’ ಎಂದು ಮಾಲೀಕರು ಹೇಳಿದರೆ ಅದರಲ್ಲಿ ಏನೂ ಹೇಳಿದಂತಾಗಲಿಲ್ಲ. ಬೆಳೆಗಾರರೊಬ್ಬರು ಹತ್ತು ಚೀಲ ತಂದರು ಎನ್ನೋಣ. ಅದರಲ್ಲಿ ಅಡಿಕೆಯ ಬಗೆಗಳಾದ ರಾಶಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬೇರೆ. ಒಬ್ಬರದೇ ಮಾಲು ಮೂರು ಲಾಟಾಗುತ್ತದೆ. ಮೂರಕ್ಕೂ ಟೆಂಡರ್‌ನಲ್ಲಿ ಮೂರು ದರ ಬರುತ್ತದೆ. ಬೆಳೆಗಾರರು ರಾಶಿಯ ದರ ಒಪ್ಪುತ್ತಾರೆ, ಬೆಟ್ಟೆಯದು ಸಾಲದೆಂದು ಇಟ್ಟುಕೊಳ್ಳುತ್ತಾರೆ. ಒಪ್ಪಿದ ಲಾಟಿನ ಹಣದಲ್ಲಿ ಹಮಾಲಿ ಕಳೆಯಬೇಕು, ಮಳೆಗಾಲದಲ್ಲಿ ಪಡೆದ ಮುಂಗಡವನ್ನು ಬಡ್ಡಿ ಸಹಿತ ಮುರಿದುಕೊಳ್ಳಬೇಕು. ಮುಂಗಡ ತಂದೆಯ ಖಾತೆಯಲ್ಲಿದ್ದು ಮಾಲು ಮಗನ ಹೆಸರಿನಲ್ಲಿ ಬಂದಿದ್ದರೆ? ಉಳಿದ ಬೆಟ್ಟೆ ಮುಂದಿನ ವಾರ ಮತ್ತೆ ಟೆಂಡರ್‌ಗೆ ಹೋದಾಗ ಹಳೆಯ ಲಾಟು ಸಂಖ್ಯೆಯೇ ಇರುತ್ತದೆಯೋ, ಹೊಸದೋ? ಅಷ್ಟರಲ್ಲಿ ತೇವ ಆರಿ ತೂಕ ಇಳಿದಿದ್ದರೆ ಯಾವ ತೂಕ ಲೆಕ್ಕಕ್ಕೆ?

ಇವೆಲ್ಲಕ್ಕೂ ವಖಾರಿಯ ಹಳೆಯ ಗುಮಾಸ್ತರ ಬಳಿ ಉತ್ತರವಿದೆ. ಆ ಉತ್ತರಗಳನ್ನು ಎರಡು ಪುಟಗಳಲ್ಲಿ ಬರೆದಿಟ್ಟರೆ ನೇಮಕದ ಅರ್ಧ ಕೆಲಸ ಮುಗಿದ ಹಾಗೆ. ಭಾಷೆ ಕನ್ನಡವಿರಲಿ, ತಾಂತ್ರಿಕ ಪದ ಒಂದೂ ಬೇಡ. ಯಾರು ಏನು ತರುತ್ತಾರೆ, ಯಾರು ಬರೆದುಕೊಳ್ಳುತ್ತಾರೆ, ಯಾವ ಚೀಟಿ ಯಾರ ಕೈಗೆ ಹೋಗುತ್ತದೆ, ಎಲ್ಲಿ ಜಗಳ ಬರುತ್ತದೆ ಎಂಬುದಷ್ಟು ಸಾಕು. ಜಗಳ ಬರುವ ಜಾಗವನ್ನು ಬಿಡಲೇಬಾರದು. ಮುಂದೆ ತಂತ್ರಾಂಶ ಸೋಲುವುದೂ ಅಲ್ಲಿಯೇ.

ಈ ಎರಡು ಪುಟ ಕೈಯಲ್ಲಿದ್ದರೆ ಡೆವಲಪರರನ್ನು ಅಳೆಯುವುದು, ಕೋಡ್ ಓದಲು ಬಾರದ ಆಡಳಿತ ಮಂಡಳಿಗೂ ಸಾಧ್ಯವಾಗುತ್ತದೆ. ಅದನ್ನು ಓದಿದ ಕೂಡಲೇ ‘ಆಗುತ್ತದೆ ಸರ್, ಒಂದೂವರೆ ತಿಂಗಳು’ ಎನ್ನುವವರ ಬಗ್ಗೆ ಎಚ್ಚರ ಬೇಕು. ಓದಿ ಎರಡು ದಿನ ಬಿಟ್ಟು ಪ್ರಶ್ನೆಗಳ ಪಟ್ಟಿಯೊಂದಿಗೆ ಬರುವವರತ್ತ ವಾಲಬೇಕು. ‘ದರ ತಪ್ಪಾಗಿ ನಮೂದಾದರೆ ತಿದ್ದುವ ಅಧಿಕಾರ ಯಾರಿಗೆ? ತಿದ್ದಿದ್ದು ಗೊತ್ತಾಗಬೇಕೇ?’ ‘ಟೆಂಡರ್ ನಡೆಯುವಾಗ ವಿದ್ಯುತ್ ಹೋದರೆ ಏನು ಮಾಡುತ್ತೀರಿ?’ ‘ಈಗಿನ ಕೀರ್ದಿಯನ್ನು ಒಮ್ಮೆ ನೋಡಬಹುದೇ?’ ಇಂತಹ ಪ್ರಶ್ನೆ ಕೇಳುವವರು ಆಗಲೇ ಮನಸ್ಸಿನಲ್ಲಿ ಕೆಲಸ ಆರಂಭಿಸಿರುತ್ತಾರೆ. ಯಾವ ಭಾಷೆಯಲ್ಲಿ ಕೋಡ್ ಬರೆಯುತ್ತಾರೆ, ಎಷ್ಟು ಸರ್ಟಿಫಿಕೇಟ್ ಇದೆ ಎಂಬುದಕ್ಕಿಂತ ಈ ಗುಣಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಿಂದೆ ಮಾಡಿದ ಕೆಲಸಗಳ ಮಾದರಿ ನೋಡಿ ಆರಿಸುವ ಪದ್ಧತಿ ಈಗ ಬಹಳ ದುರ್ಬಲವಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ನಂತರ, ನೋಡಲು ಅಚ್ಚುಕಟ್ಟಾದ ಮಾದರಿ ತಾಣವನ್ನು ಒಂದು ಸಂಜೆಯಲ್ಲಿ ನಿಲ್ಲಿಸುವುದು ಹೊಸಬರಿಗೂ ಕಷ್ಟವಿಲ್ಲ. ಕೃತಕ ಬುದ್ಧಿಮತ್ತೆಯನ್ನು ಬಳಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಡೆವಲಪರ್‌ಗಳೂ ದಿನವೂ ಬಳಸುತ್ತಾರೆ, ಅದರಿಂದ ಕೆಲಸ ಬೇಗ ಆಗುತ್ತದೆ. ಆದರೆ ಯಂತ್ರ ಬರೆದುಕೊಟ್ಟದ್ದನ್ನು ಅರ್ಥ ಮಾಡಿಕೊಳ್ಳದೆ ಒಪ್ಪಿಸಿದವರು ಮೊದಲ ದೋಷ ಕಾಣಿಸಿಕೊಂಡ ದಿನವೇ ಕೈಚೆಲ್ಲುತ್ತಾರೆ. ಹಾಗಾಗಿ ಮಾದರಿ ತೋರಿಸಿದವರಿಗೆ ಎದುರಿನಲ್ಲೇ ಸಣ್ಣದೊಂದು ಬದಲಾವಣೆ ಹೇಳಬೇಕು: ಈ ಪಟ್ಟಿಯಲ್ಲಿ ಊರಿನ ಹೆಸರೂ ಬರಲಿ, ಊರಿನ ಪ್ರಕಾರ ಹುಡುಕಲೂ ಆಗಲಿ. ಮಾಡುತ್ತಾ ಏನು ಮಾಡುತ್ತಿದ್ದೇನೆಂದು ಮಾತಿನಲ್ಲಿ ವಿವರಿಸಲಿ. ಕೋಡ್ ಬಾರದವರಿಗೂ ತಿಳಿಯುವಂತೆ ವಿವರಿಸಲಾಗದಿದ್ದರೆ, ಮುಂದೆ ತೊಂದರೆ ಬಂದಾಗಲೂ ಅವರು ವಿವರಿಸಲಾರರು.

ಅಡಿಕೆ ಕೊಳ್ಳುವವರು ಚೀಲದ ಹೊರಗಿನ ಚಂದ ನೋಡಿ ದರ ಹೇಳುವುದಿಲ್ಲ. ಒಳಗೆ ಕೈ ಹಾಕಿ, ಹಿಡಿಯಷ್ಟು ತೆಗೆದು, ಒಂದೆರಡನ್ನು ಕತ್ತರಿಸಿ ನೋಡುತ್ತಾರೆ. ಡೆವಲಪರ್ ವಿಷಯದಲ್ಲಿ ಆ ಹಿಡಿ ಅಡಿಕೆ ಎಂದರೆ ಮೂರು ನಾಲ್ಕು ದಿನಗಳ ಪರೀಕ್ಷಾರ್ಥ ಕೆಲಸ. ಅದಕ್ಕೆ ಹಣ ಕೊಡಲೇಬೇಕು. ಪುಕ್ಕಟೆ ಪರೀಕ್ಷೆ ಬರೆಯಲು ಒಪ್ಪುವವರು ಬೇರೆ ಕೆಲಸವಿಲ್ಲದವರು. ಕೈತುಂಬ ಕೆಲಸವಿರುವ ನುರಿತವರು ಅಲ್ಲಿಗೇ ಎದ್ದುಹೋಗುತ್ತಾರೆ.

ನಮ್ಮ ಜಿಲ್ಲೆಯ ಸಂಸ್ಥೆಗಳಿಗೆ ಹೇಳಿ ಮಾಡಿಸಿದಂತಹ ಪರೀಕ್ಷೆ ಸದಸ್ಯರ ಹೆಸರಿನ ಪಟ್ಟಿ. ಹಳೆಯ ಕಂಪ್ಯೂಟರುಗಳಲ್ಲಿ ಹೆಸರುಗಳೆಲ್ಲ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿರುತ್ತವೆ. ಅವನ್ನು ಹಾಗೆಯೇ ಹೊಸ ತಂತ್ರಾಂಶಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವೊತ್ತು ಬರುವಲ್ಲಿ ತಪ್ಪುಗಳು ಉಳಿದುಕೊಳ್ಳುತ್ತವೆ. ಕಣ್ಣಿಟ್ಟು ನೋಡಿ ತಿದ್ದಬೇಕು. ಅದಾದ ಮೇಲೆ ಹುಡುಕಾಟದ ಸಮಸ್ಯೆ. ಒಂದೇ ಸಂಘದಲ್ಲಿ ಗಣಪತಿ ಹೆಗಡೆ ಎಂಬವರು ಹಲವರಿರುತ್ತಾರೆ. ಅದಕ್ಕೇ ನಮ್ಮಲ್ಲಿ ತಂದೆಯ ಹೆಸರನ್ನು ನಡುವೆ ಸೇರಿಸಿ ಬರೆಯುವ ರೂಢಿ ಇದೆ, ಅದೂ ಸಾಲದಿದ್ದರೆ ಊರಿನ ಹೆಸರು. ಒಬ್ಬ ಗುಮಾಸ್ತರು ‘ಹೆಗಡೆ’ ಎಂದು, ಇನ್ನೊಬ್ಬರು ‘ಹೆಗ್ಡೆ’ ಎಂದು ನಮೂದಿಸಿದ್ದರೆ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಮನುಷ್ಯರು. ಇಂತಹ ಕಾಲ್ಪನಿಕ ನೂರು ಹೆಸರುಗಳ ಪಟ್ಟಿ ಕೊಟ್ಟು, ಪರಿವರ್ತಿಸಿ, ತಪ್ಪಿಲ್ಲದೆ ಹುಡುಕುವಂತೆ ಮಾಡಿಕೊಡಿ ಎಂದರೆ ಅಭ್ಯರ್ಥಿಯ ತಾಳ್ಮೆ, ಶ್ರದ್ಧೆ, ಕನ್ನಡದ ತಿಳಿವಳಿಕೆ ಮೂರೂ ಹೊರಬೀಳುತ್ತವೆ. ಮಹಾನಗರದಲ್ಲಿ ದೊಡ್ಡ ಹೆಸರು ಮಾಡಿದವರೂ ಇಲ್ಲಿ ಎಡವಬಹುದು, ಊರಿನ ಹೊಸ ಹುಡುಗಿ ಗೆಲ್ಲಬಹುದು.

ಪಟ್ಟಿ ಕಾಲ್ಪನಿಕವಾಗಿರಲಿ ಎಂದದ್ದಕ್ಕೆ ಕಾರಣವಿದೆ. ಆಯ್ಕೆಯೇ ಆಗದವರ ಲ್ಯಾಪ್‌ಟಾಪಿಗೆ ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್ ಕಳುಹಿಸುವ ಅಭ್ಯಾಸ ಇಂದಿಗೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಸಂಗ್ರಹಿಸಿದ ಸಂಸ್ಥೆಯನ್ನೇ ಹೊಣೆಗಾರನನ್ನಾಗಿಸುತ್ತದೆ. ಹೊರಗಿನವರಿಂದ ಕೆಲಸ ಮಾಡಿಸಿದೆವು ಎಂಬ ನೆಪ ನಡೆಯುವುದಿಲ್ಲ. ಭದ್ರತೆಯ ಲೋಪಕ್ಕೆ ದಂಡದ ಗರಿಷ್ಠ ಮಿತಿ ₹250 ಕೋಟಿ. ಕಾಯ್ದೆ ಇಲ್ಲದಿದ್ದರೂ ಇದು ಸದಸ್ಯರ ವಿಶ್ವಾಸದ ಪ್ರಶ್ನೆ.

ಇಂತಹವರನ್ನು ಹುಡುಕುವುದೆಲ್ಲಿ? ನನ್ನ ಅಭಿಪ್ರಾಯದಲ್ಲಿ ಇತರ ಸಂಸ್ಥೆಗಳಿಂದಲೇ ಆರಂಭಿಸಬೇಕು. ಕುಮಟಾದ ಅಂಗಡಿಯೋ ಹೊನ್ನಾವರದ ಆಸ್ಪತ್ರೆಯೋ ಎರಡು ವರ್ಷದ ಹಿಂದೆ ಮಾಡಿಸಿದ ತಂತ್ರಾಂಶ ಇಂದಿಗೂ ನಡೆಯುತ್ತಿದ್ದರೆ ಅದನ್ನು ಬರೆದವರು ಯಾರೆಂದು ಕೇಳಿ. ಹೊಸದಾಗಿ ಮಾಡಿಸಿದವರ ಹೊಗಳಿಕೆಗೆ ಅಷ್ಟು ತೂಕವಿಲ್ಲ, ಆರಂಭದ ತಿಂಗಳುಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ದೋಷ ಬಂದಾಗ ಎಷ್ಟು ಹೊತ್ತಿಗೆ ಸ್ಪಂದಿಸಿದರು, ತಮ್ಮ ತಪ್ಪಿಗೂ ಹಣ ಕೇಳಿದರೇ ಎಂಬುದನ್ನು ವಿಚಾರಿಸಬೇಕು. ಅಪ್‌ವರ್ಕ್, ಫೈವರ್‌ನಂತಹ ತಾಣಗಳಲ್ಲಿ ಆಯ್ಕೆ ವಿಸ್ತಾರವಾಗಿದೆ, ಹಣ ತಾಣದ ಬಳಿ ಠೇವಣಿಯಾಗಿರುವುದರಿಂದ ಇಬ್ಬರಿಗೂ ಸ್ವಲ್ಪ ರಕ್ಷಣೆಯಿದೆ. ಆದರೆ ಅಲ್ಲಿ ಹೆಚ್ಚಿನವರಿಗೆ ಐದಕ್ಕೆ ಐದರ ಹತ್ತಿರದ ನಕ್ಷತ್ರಗಳೇ ಇರುವುದರಿಂದ ನಕ್ಷತ್ರ ನೋಡಿ ಪ್ರಯೋಜನವಿಲ್ಲ. ಕೆಂಪುಗೋಟು ಎಂದರೇನೆಂದು ಅಲ್ಲಿನವರಿಗೆ ವಿವರಿಸುತ್ತಾ ಕೂರುವ ಸಮಯವೂ ಖರ್ಚೇ. ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಗಡಿ ಸ್ಪಷ್ಟವಾಗಿರುವ ಸಣ್ಣ ಕೆಲಸ ಕೊಡಬಹುದು: ಒಂದು ಜಾಲತಾಣ, ಒಂದು ವರದಿ. ಹಣಕಾಸಿನ ಲೆಕ್ಕವಿರುವ ವ್ಯವಸ್ಥೆಯನ್ನು ಅವರ ತಲೆಗೆ ಕಟ್ಟುವುದು ಅವರಿಗೂ ಅನ್ಯಾಯ. ಜೂನ್‌ನಲ್ಲಿ ನೌಕರಿ ಸಿಕ್ಕಿ ಪುಣೆಗೆ ಹೋದರೆಂದು ಅವರನ್ನು ದೂರುವಂತಿಲ್ಲ.

ಸಹಕಾರಿ ಸಂಸ್ಥೆಗಳಿಗೆ ಮೂರು ಕೊಟೇಶನ್ ಪಡೆದು ಕಡಿಮೆಯದನ್ನು ಒಪ್ಪುವ ರೂಢಿಯಿದೆ. ಕುರ್ಚಿ ಕೊಳ್ಳಲು ಅದು ಸರಿ. ತಂತ್ರಾಂಶದಲ್ಲಿ ಒಬ್ಬರು ₹60,000, ಇನ್ನೊಬ್ಬರು ₹2 ಲಕ್ಷ, ಮತ್ತೊಬ್ಬರು ₹5 ಲಕ್ಷ ಬರೆದರೆಂದುಕೊಳ್ಳಿ. ಆ ಮೂವರು ಮೂರು ಬೇರೆ ಬೇರೆ ವಸ್ತುಗಳಿಗೆ ದರ ಹೇಳಿರುತ್ತಾರೆ. ಮೊದಲಿನವರ ಲೆಕ್ಕದಲ್ಲಿ ಹಳೆಯ ಮಾಹಿತಿಯ ವರ್ಗಾವಣೆ ಇಲ್ಲ, ಸಿಬ್ಬಂದಿಯ ತರಬೇತಿ ಇಲ್ಲ, ಬ್ಯಾಕಪ್ ಇಲ್ಲ. ಎರಡು ಪುಟದ ಟಿಪ್ಪಣಿ ಎಲ್ಲರಿಗೂ ಒಂದೇ ಹೋಗಿದ್ದರೆ ಮಾತ್ರ ಹೋಲಿಕೆಗೆ ಅರ್ಥ. ವಾರ್ಷಿಕ ನಿರ್ವಹಣೆಯ ವೆಚ್ಚವನ್ನೂ ಆಗಲೇ ಕೇಳಬೇಕು. ಮೂಲ ವೆಚ್ಚದ ಶೇ 15ರಿಂದ 20ರಷ್ಟು ಉದ್ಯಮದಲ್ಲಿ ರೂಢಿಯಲ್ಲಿರುವ ಅಂದಾಜು. ಅದನ್ನು ಬಜೆಟ್ಟಿನಲ್ಲಿ ಇಡದ ಸಂಸ್ಥೆ ಎರಡನೆಯ ವರ್ಷ ‘ಫೋನ್ ಎತ್ತುವುದಿಲ್ಲ’ ಎಂದು ದೂರುತ್ತದೆ. ಎತ್ತಲು ಅವರಿಗೆ ಯಾರೂ ಹಣ ಕೊಟ್ಟಿರುವುದಿಲ್ಲ.

ಹಣವನ್ನು ಕಂತುಗಳಲ್ಲಿ ಕೊಡುವುದು ಇಬ್ಬರಿಗೂ ಕ್ಷೇಮ. ‘ಶೇ 50 ಕೆಲಸವಾದಾಗ’ ಎಂಬ ಕಂತಿಗೆ ಅರ್ಥವಿಲ್ಲ, ಅರ್ಧವಾಯಿತೆಂದು ಹೇಳುವವರು ಯಾರು? ‘ನಮ್ಮ ಗುಮಾಸ್ತರೇ ಒಂದು ದಿನದ ಲಾಟುಗಳನ್ನು ನಮೂದಿಸಿ, ಬಂದ ಮೊತ್ತ ಕೈಲೆಕ್ಕದ ಮೊತ್ತಕ್ಕೆ ಪೈಸೆ ಬಿಡದೆ ತಾಳೆಯಾದಾಗ’ ಎಂದು ಬರೆದರೆ ವಾದಕ್ಕೆ ಎಡೆಯಿಲ್ಲ. ಸಂಸ್ಥೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಕಡಿತ ಮಾಡುವುದಾದರೆ ಮಾತುಕತೆಯ ದಿನವೇ ಹೇಳಿಬಿಡಬೇಕು. ಬಿಲ್ಲಿನ ದಿನ ತಿಳಿದರೆ ಮನಸ್ಸು ಮುರಿಯುತ್ತದೆ.

ಒಪ್ಪಿದ ದಿನಕ್ಕೆ ಹಣ ಕೊಡುವ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಅಧ್ಯಕ್ಷರ ಸಹಿ ಆಗಿಲ್ಲ, ಮುಂದಿನ ಸಭೆಗೆ ಇಡುತ್ತೇವೆ ಎಂದು ಮೂರು ನಾಲ್ಕು ತಿಂಗಳು ಎಳೆಯುವುದು ಸಾಮಾನ್ಯವಾಗಿಬಿಟ್ಟಿದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಉದ್ಯಮಿಗೆ ಲಿಖಿತ ಒಪ್ಪಂದವಿದ್ದರೆ ಅದರ ಅವಧಿಯೊಳಗೆ, ಅದೂ ಗರಿಷ್ಠ 45 ದಿನಗಳಲ್ಲಿ, ಹಣ ಸಲ್ಲಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಒಬ್ಬರೇ ಕುಳಿತು ಕೆಲಸ ಮಾಡುವ ಡೆವಲಪರ್ ಕೂಡ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು, ಅದು ಉಚಿತ. ಕಾನೂನಿನ ಮಾತು ಹಾಗಿರಲಿ. ಊರು ಸಣ್ಣದು, ಹಣ ಕೊಡದೆ ಸತಾಯಿಸುವ ಸಂಸ್ಥೆಯ ಹೆಸರು ಡೆವಲಪರ್‌ಗಳ ನಡುವೆ ಬೇಗ ಹರಡುತ್ತದೆ. ಆಮೇಲೆ ಆ ಸಂಸ್ಥೆಗೆ ಒಳ್ಳೆಯವರು ಸಿಗುವುದಿಲ್ಲ.

ಈಗ ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ಅಜ್ಞಾನಕ್ಕೆ ಬರೋಣ. ಹಣ ಕೊಟ್ಟು ಬರೆಯಿಸಿದ ತಂತ್ರಾಂಶ ನಮ್ಮದೇ ಎಂದು ಎಲ್ಲರೂ ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆನ್ನುವುದಿಲ್ಲ. ಆ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಎಂದರೆ ಸಾಹಿತ್ಯ ಕೃತಿ. ನೌಕರರು ನೌಕರಿಯ ಭಾಗವಾಗಿ ಬರೆದರೆ ಮಾಲೀಕರಿಗೆ ಹಕ್ಕು ಸೇರುತ್ತದೆ. ಫ್ರೀಲಾನ್ಸ್ ಡೆವಲಪರ್ ನೌಕರರಲ್ಲ, ಆದ್ದರಿಂದ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಅದು ಸಂಸ್ಥೆಗೆ ಬರಬೇಕಾದರೆ ಡೆವಲಪರ್ ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಎರಡನ್ನೂ ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು. ಡೆವಲಪರ್ ತಮ್ಮ ಹಳೆಯ ಸಾಮಾನ್ಯ ತುಣುಕುಗಳನ್ನು ಬೇರೆಡೆಯೂ ಬಳಸುವ ಹಕ್ಕು ಇಟ್ಟುಕೊಳ್ಳಲು ಕೇಳಿದರೆ ಒಪ್ಪುವುದು ನ್ಯಾಯ. ಅದನ್ನೂ ಅದೇ ಪತ್ರದಲ್ಲಿ ಬರೆದರಾಯಿತು.

ಹಕ್ಕಿನ ಪತ್ರಕ್ಕಿಂತ ದಿನನಿತ್ಯ ಹೆಚ್ಚು ಕಾಡುವುದು ಖಾತೆಗಳ ವಿಷಯ. ಡೊಮೇನ್ ಹೆಸರು (ಜಾಲತಾಣದ ವಿಳಾಸ) ಡೆವಲಪರ್‌ನ ಇಮೇಲಿನಲ್ಲಿ ನೋಂದಣಿಯಾಗಿರುತ್ತದೆ, ಸರ್ವರ್ ಬಾಡಿಗೆ ಅವರ ಕಾರ್ಡಿನಿಂದ ಹೋಗುತ್ತಿರುತ್ತದೆ, ಆ್ಯಪ್ ಅವರ ಪ್ಲೇ ಸ್ಟೋರ್ ಖಾತೆಯಲ್ಲಿರುತ್ತದೆ. ಅವರು ವಿದೇಶಕ್ಕೆ ಹೋದರೋ ಕಾಯಿಲೆ ಬಿದ್ದರೋ ಸಂಸ್ಥೆಯ ಕೈ ಖಾಲಿ. ಇದರಲ್ಲಿ ಅವರ ದುರುದ್ದೇಶವೇನೂ ಇರುವುದಿಲ್ಲ. ಸಂಸ್ಥೆಯಲ್ಲಿ ಇಮೇಲ್ ಕೇಳಿದಾಗ ಯಾರೂ ಕೊಡದಿದ್ದ ಕಾರಣ ತಮ್ಮದನ್ನು ಹಾಕಿರುತ್ತಾರೆ. ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಅಷ್ಟನ್ನು ಉಳಿಸಲು ಹೋಗಿ ಸಾವಿರಾರು ಗಿರಾಕಿಗಳಿರುವ ಆ್ಯಪನ್ನೇ ಕಳೆದುಕೊಳ್ಳಬಾರದು. ಸಂಸ್ಥೆಯ ಹೆಸರಿನ ಇಮೇಲ್, ಸಂಸ್ಥೆಯದೇ ಫೋನ್ ನಂಬರ್, ಸಂಸ್ಥೆಯ ಹಣ. ಡೆವಲಪರ್‌ಗೆ ಅದರಲ್ಲಿ ಕೆಲಸಕ್ಕೆ ಬೇಕಾದಷ್ಟು ಪ್ರವೇಶ. ಸೋರ್ಸ್ ಕೋಡ್ (ಡೆವಲಪರ್ ಬರೆದ ಮೂಲ ಕೋಡ್) ಕೂಡ ಮೊದಲ ವಾರದಿಂದಲೇ, ಕೋಡ್ ಕಾಪಿಡುವ ತಾಣವಾದ ಗಿಟ್‌ಹಬ್‌ನಲ್ಲಿರುವ ಸಂಸ್ಥೆಯ ಖಾತೆಗೆ ಬರುತ್ತಿರಬೇಕು. ಕೊನೆಯಲ್ಲಿ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ ಎಂಬ ಮಾತನ್ನು ಒಪ್ಪಬಾರದು.

ಕಾಲದ ಆಯ್ಕೆಯನ್ನೂ ಇಲ್ಲಿನ ಹಂಗಾಮಿಗೆ ಹೊಂದಿಸಬೇಕು. ಬೋಟಿನ ಲೆಕ್ಕದ ಆ್ಯಪ್ ಕಲಿಸಲು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಿಗಿಂತ ಒಳ್ಳೆಯ ಸಮಯವಿಲ್ಲ. ಹೋಮ್‌ಸ್ಟೇಗೂ ಮಳೆಗಾಲವೇ ಸರಿ. ವಖಾರಿಗೆ ಮಾಲು ನುಗ್ಗಿ ಬರುವ ತಿಂಗಳುಗಳಲ್ಲಿ ಹೊಸ ವ್ಯವಸ್ಥೆ ಹೂಡಿದರೆ ಗುಮಾಸ್ತರು ಎರಡೇ ದಿನಕ್ಕೆ ಹಳೆಯ ಪುಸ್ತಕಕ್ಕೆ ಮರಳುತ್ತಾರೆ, ಅವರದು ತಪ್ಪೂ ಅಲ್ಲ. ಆದರೆ ಇದೇ ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮರ ಬಿದ್ದು ವಿದ್ಯುತ್ ದಿನಗಟ್ಟಲೆ ಹೋಗುತ್ತದೆ, ಇಂಟರ್ನೆಟ್ ಕೂಡ. ಡೆವಲಪರ್ ಅಂತಹ ಊರಿನಲ್ಲಿದ್ದರೆ ಅವರನ್ನು ಬಿಡಬೇಕಾಗಿಲ್ಲ. ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ, ಎರಡನೆಯ ಸಂಪರ್ಕ ಇದೆಯೇ, ತುರ್ತಿದ್ದರೆ ಪೇಟೆಗೆ ಬಂದು ಕೂರುವ ಜಾಗವಿದೆಯೇ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಎಷ್ಟೋ ಸಂಸ್ಥೆಗಳಲ್ಲಿ ಖಾಲಿ ಕೋಣೆ, ಜನರೇಟರ್ ಎರಡೂ ಇವೆ. ಅಲ್ಲೊಂದು ಮೇಜು ಹಾಕಿಕೊಟ್ಟರೆ ಡೆವಲಪರ್ ಗುಮಾಸ್ತರ ಪಕ್ಕದಲ್ಲೇ ಕುಳಿತು ಕೆಲಸ ಕಲಿಯುತ್ತಾರೆ, ಅದು ದೂರದವರಿಗೆ ಸಿಗದ ಲಾಭ.

ಈಗಾಗಲೇ ಡೆವಲಪರ್ ಕೈಬಿಟ್ಟು ಹೋಗಿ ಅನಾಥವಾಗಿರುವ ತಂತ್ರಾಂಶವನ್ನು ನಂಬಿ ನಡೆಯುತ್ತಿರುವ ಸಂಸ್ಥೆಗಳೂ ಜಿಲ್ಲೆಯಲ್ಲಿವೆ. ಅವರು ಹೊಸಬರನ್ನು ಕರೆದ ದಿನವೇ ಹೊಸ ಸೌಲಭ್ಯಗಳ ಪಟ್ಟಿ ಮುಂದಿಡಬಾರದು. ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ತಾರೀಖಿಗೆ ಮುಗಿಯುತ್ತದೆ ಎಂಬುದನ್ನು ಮೊದಲು ನೋಡಿಸಬೇಕು. ನಂತರ ಡೇಟಾಬೇಸಿನ ಪೂರ್ತಿ ಪ್ರತಿ ತೆಗೆಸಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕಳೆದ ತಿಂಗಳ ಯಾವುದಾದರೂ ಒಂದು ದಿನದ ಜಮೆಯನ್ನು ಕೀರ್ದಿಯೊಂದಿಗೆ ತಾಳೆ ನೋಡಬೇಕು. ಆ ಮೊತ್ತ ಕೂಡುವವರೆಗೆ ಹೊಸದೇನನ್ನೂ ಬರೆಯಿಸಬೇಡಿ.